ರೈಲು ಡಬ್ಬಿಯಲ್ಲಿ ಹುಟ್ಟಿದ ಪ್ರಶ್ನೆ

ಆತ್ಮೀಯ ಕನ್ನಡ ಬಂಧುಗಳೇ,

ಕೊಲ್ಲಿ ನಾಡಿನಲ್ಲಿ ನೆಲೆಸಿರುವ ನಮಗೆ ಅರಬ್ಬರ ಊಟ, ಉಡುಪು, ವ್ಯವಹಾರ ಎಲ್ಲವೂ ಪರಿಚಿತ. ಅವರ ಕಥೆಗಳ ಪರಿಚಯ ಮಾತ್ರ ನಮ್ಮಲ್ಲಿ ಬಹಳ ಕಡಿಮೆ. ದೇಶವೆಂದರೆ ಯಾರು ಎಂದು ಅರಬ್ಬರು ತಮ್ಮತಮ್ಮಲ್ಲೇ ವಾದಿಸಿದ್ದು ಅವರ ಸಣ್ಣಕಥೆಗಳಲ್ಲಿ ಎಷ್ಟು ಚೆನ್ನಾಗಿ ದಾಖಲಾಗಿದೆ!

1917ರಲ್ಲಿ, ಈಜಿಪ್ಟ್ ಬ್ರಿಟಿಷರ ಹಿಡಿತದಲ್ಲಿದ್ದಾಗ, ಮುಹಮ್ಮದ್ ತೈಮೂರ್ ‘ರೈಲಿನಲ್ಲಿ’ ಎಂಬ ಕಥೆ ಬರೆದರು. ಡಬ್ಬಿಯಲ್ಲಿ ಒಬ್ಬ ಶೇಖ್ (ಧರ್ಮಪಂಡಿತ), ಒಬ್ಬ ವಿದ್ಯಾರ್ಥಿ, ಕಾಕಸಸ್ ಮೂಲದ ಹಳೆಯ ಆಳುವ ವರ್ಗಕ್ಕೆ ಸೇರಿದ ಒಬ್ಬ ಸರ್ಕೇಸಿಯನ್ ಸಾಹೇಬ, ಹಳ್ಳಿಯ ಗೌಡ. ಬಡವರಿಗೆ ಅಕ್ಷರ ಕಲಿಸುವ ಸುದ್ದಿ ಪತ್ರಿಕೆಯಲ್ಲಿ ಬಂದಿದೆ. ರೈತನಿಗೆ ಚಾವಟಿಯೇ ಮದ್ದು ಎನ್ನುತ್ತಾನೆ ಸಾಹೇಬ. ವಿದ್ಯಾರ್ಥಿಗೆ ಸಿಟ್ಟು ಬರುತ್ತದೆ. ಆದರೆ ರೈತರ ನಡುವೆಯೇ ಬದುಕುವ ಗೌಡ ಚಾವಟಿಯ ಪರ ನಿಲ್ಲುತ್ತಾನೆ! ನನ್ನನ್ನು ಹೆಚ್ಚು ಕಾಡಿದವನು ಈ ಗೌಡನೇ. ಪರಕೀಯ ದೊರೆಗಿಂತ ಅವನಿಗೆ ತಲೆಬಾಗಿದ ನಮ್ಮವನೇ ದೊಡ್ಡ ತೊಡಕು ಎಂದು ಕಥೆ ಕಂಡುಕೊಂಡಿತ್ತು. ಎರಡೇ ವರ್ಷದಲ್ಲಿ, 1919ರ ದಂಗೆಯಲ್ಲಿ, ಅದೇ ಈಜಿಪ್ಟಿನ ರೈತರು ರೈಲು ಹಳಿಗಳನ್ನೇ ಕಿತ್ತರು.

ಮುಂದೆ ಈಜಿಪ್ಟಿನಲ್ಲಿ ರಾಜಪ್ರಭುತ್ವ ಹೋಯಿತು. ಆದರೆ 1954ರಲ್ಲಿ ವೈದ್ಯ-ಕಥೆಗಾರ ಯೂಸುಫ್ ಇದ್ರೀಸ್ ಬರೆದ ‘ಅತಿ ಅಗ್ಗದ ರಾತ್ರಿಗಳು’ ಕಥೆಯ ಅಬ್ದುಲ್ ಕರೀಮನ ಜೇಬಿನಲ್ಲಿ ಬಿಡಿಗಾಸಿಲ್ಲ. ಯಾರೋ ಬಲವಂತ ಮಾಡಿ ಕುಡಿಸಿದ ಕಡು ಚಹಾದಿಂದ ಅವನಿಗೆ ನಿದ್ದೆ ಹತ್ತುವುದಿಲ್ಲ. ಹೊತ್ತು ಕಳೆಯಲು ಊರಿನಲ್ಲಿ ಬೇರೆ ದಾರಿಯಿಲ್ಲ. ಮನೆಗೆ ಹೋಗಿ ಹೆಂಡತಿಯನ್ನು ಎಬ್ಬಿಸುತ್ತಾನೆ. ತಿಂಗಳುಗಳ ನಂತರ ಮನೆಯಲ್ಲಿ ಇನ್ನೊಂದು ಕೂಸು. ಜನಸಂಖ್ಯೆಯ ಬಗ್ಗೆ ಸರ್ಕಾರಗಳು ಮಾಡುವ ಭಾಷಣವೆಲ್ಲ ಈ ಬಡವನ ಮುಂದೆ ಪೊಳ್ಳೆನಿಸುತ್ತದೆ. ಪಾತ್ರಗಳ ಬಾಯಲ್ಲಿ ಆಡುಮಾತು ಬಂದದ್ದೂ ದೊಡ್ಡ ಬದಲಾವಣೆಯೇ: ಹಳ್ಳಿಯವನು ಕಥೆಯೊಳಗೆ ತನ್ನ ಮಾತಿನಲ್ಲೇ ಮಾತಾಡಿದ.

ದೇಶವೇ ಕೈತಪ್ಪಿದವರ ಕಥೆ ಬೇರೆ. ಪ್ಯಾಲೆಸ್ತೀನಿನ ಘಸ್ಸಾನ್ ಕನಫಾನಿ ಕುವೈತಿನಲ್ಲಿ ಮೇಷ್ಟರಾಗಿದ್ದವರು. ಅವರ ‘ದುಃಖದ ಕಿತ್ತಳೆಗಳ ನಾಡು’ ಕಥೆಯಲ್ಲಿ ಊರು ಬಿಟ್ಟು ಹೊರಟ ಕುಟುಂಬ ಗಡಿಯ ಬಳಿ ಕಿತ್ತಳೆ ಕೊಳ್ಳುತ್ತದೆ; ಒಂದನ್ನು ಕೈಗೆತ್ತಿಕೊಂಡ ತಂದೆ ಮಗುವಿನಂತೆ ಅಳುತ್ತಾನೆ. ದುಡಿಮೆಗಾಗಿ ಬಂದ ನಮಗೆ ಹಿಂತಿರುಗಲು ಊರಿದೆ. ನಮ್ಮ ಪ್ಯಾಲೆಸ್ತೀನಿ ಸಹೋದ್ಯೋಗಿಗಳಲ್ಲಿ ಎಷ್ಟೋ ಮಂದಿಗೆ ಆ ಭಾಗ್ಯವಿಲ್ಲ. ಅವರೊಡನೆ ಚಹಾ ಕುಡಿಯುವಾಗ ಇದು ನೆನಪಿರಬೇಕು.

ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಅರಬ್ಬಿ ಕಲಿಯುತ್ತಿದ್ದಾರೆ. ಅಂಕಗಳಿಗಾಗಿ ಕಲಿತ ಆ ಭಾಷೆಯಿಂದ ಒಂದು ಪುಟ್ಟ ಕಥೆಯನ್ನಾದರೂ ಕನ್ನಡಕ್ಕೆ ತರಲು ಅವರನ್ನು ಹುರಿದುಂಬಿಸಿ. ತಪ್ಪುಗಳಿದ್ದರೆ ಕೂತು ತಿದ್ದೋಣ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಮೀಸಲು.

— ಸಂಪಾದಕ