ನಿನ್ನ ಮಗನ ಭುಜದ ಮೇಲೆ ಯಾರ ಕೈ ಇರಬೇಕು

ಪ್ರಿಯ ಗೆಳೆಯನಿಗೆ,

ಬರುವ ವಸಂತದಲ್ಲಿ ಐರ್ಲೆಂಡಿನ ಲಿಮರಿಕ್‌ನಲ್ಲಿ ನಡೆಯಲಿರುವ ನಿನ್ನ ಮಗನ ಕನ್ಫರ್ಮೇಶನ್ ಎಂಬ ದೃಢೀಕರಣ ಸಂಸ್ಕಾರಕ್ಕೆ, ದೀಕ್ಷಾಸ್ನಾನದಲ್ಲಿ (ಬ್ಯಾಪ್ಟಿಸಮ್) ಅವನ ಹೊಣೆ ಹೊತ್ತ ಧರ್ಮಪಿತನಾದ ನಾನೇ ಬಂದು ಜೊತೆಗೆ ನಿಲ್ಲಬೇಕೆಂದೂ, ಬರಲಾಗದಿದ್ದರೆ ನನ್ನ ಪರವಾಗಿ ಬೇರೊಬ್ಬರನ್ನು ನಿಲ್ಲಿಸಿ ಹೆಸರನ್ನು ಮಾತ್ರ ನನ್ನದೇ ಬರೆಸುವೆನೆಂದೂ ಕೇಳಿದ್ದೀಯ. ಫೋನಿನಲ್ಲಿ ಉತ್ತರಿಸಿದರೆ ನೀನು ವಾದಕ್ಕಿಳಿಯುತ್ತೀಯ, ನಾನು ಸೋಲುತ್ತೇನೆ. ಕಾಲೇಜಿನ ದಿನಗಳಿಂದಲೂ ಅದು ಹಾಗೆಯೇ ನಡೆದುಬಂದಿದೆ. ಆದ್ದರಿಂದ ಬರೆಯುತ್ತಿದ್ದೇನೆ. ದೂರದ ಮಕ್ಕಳಿಗೆ ಧರ್ಮಪಿತರಾಗಿರುವ ನಮ್ಮ ಇತರ ಗೆಳೆಯರೂ ಓದಲೆಂದು ಹೆಸರುಗಳನ್ನೆಲ್ಲ ತೆಗೆದಿದ್ದೇನೆ. ನನ್ನ ಉತ್ತರವಿಷ್ಟೇ: ಎರಡೂ ಬೇಡ. ವಾರಕ್ಕೆರಡು ಸಲ ಅವನನ್ನು ತನ್ನ ಮಗನ ಜೊತೆಗೆ ಕಾರಿನಲ್ಲಿ ಹರ್ಲಿಂಗ್ ಎಂಬ ಅಲ್ಲಿನ ಕೋಲು-ಚೆಂಡಿನ ಆಟದ ಅಭ್ಯಾಸಕ್ಕೆ ಕರೆದೊಯ್ಯುವ, ನಿಮ್ಮದೇ ಬೀದಿಯ ಆ ಕೋಟ್ಟಯಂನವರನ್ನು ಕೇಳು.

ನಿನಗೆ ಬೇಸರವಾಗುವುದೆಂದು ಬಲ್ಲೆ. ನೀನು ಹೇಳಿದ ನಿಯಮವನ್ನೂ ಬಲ್ಲೆ. ದೀಕ್ಷಾಸ್ನಾನದಲ್ಲಿ ಹೊಣೆ ಹೊತ್ತವರೇ ದೃಢೀಕರಣದಲ್ಲೂ ನಿಲ್ಲುವುದು ಅಪೇಕ್ಷಣೀಯವೆಂದು 1983ರ ಕಥೋಲಿಕ ಧರ್ಮಸಭೆಯ ಕಾನೂನಿನ 893ನೆಯ ವಿಧಿ ಹೇಳುತ್ತದೆ, ನಿಜ. ಆದರೆ ಅದು ಅಪೇಕ್ಷೆಯೇ ಹೊರತು ಕಟ್ಟಳೆಯಲ್ಲ. ಧರ್ಮಪಿತನಾಗಲು ಇರಬೇಕಾದ ಅರ್ಹತೆಗಳನ್ನು ಅದೇ ಕಾನೂನಿನ 874ನೆಯ ವಿಧಿ ಹೇಳುತ್ತದೆ: ಹದಿನಾರು ವರ್ಷ ತುಂಬಿರಬೇಕು, ತಾನೂ ದೃಢೀಕರಣ ಪಡೆದಿರಬೇಕು, ಹೊರುವ ಹೊಣೆಗೆ ತಕ್ಕ ಬಾಳು ಬಾಳುತ್ತಿರಬೇಕು, ಮಗುವಿನ ತಂದೆಯೋ ತಾಯಿಯೋ ಆಗಿರಬಾರದು. ಎಷ್ಟು ದೂರದಲ್ಲಿರಬಹುದು ಎಂಬುದರ ಬಗ್ಗೆ ಅಲ್ಲಿ ಒಂದಕ್ಷರವಿಲ್ಲ. ಮಗು ಹುಟ್ಟಿದ ಊರಿನಲ್ಲೇ ಬೆಳೆಯುತ್ತದೆ, ಅದರ ಹೊಣೆ ಹೊತ್ತವರು ಒಂದೆರಡು ಬೀದಿಯಾಚೆ ಸಿಗುತ್ತಾರೆ ಎಂದು ನಂಬಿದ್ದ ಕಾಲದಿಂದ ಬಂದ ಪದ್ಧತಿಯಿದು. ವಿಮಾನ ನಿಲ್ದಾಣದಲ್ಲಿ ಬೆಳೆಯುವ ಸಂಸಾರಗಳ ಕಲ್ಪನೆ ಆ ಕಾಲದವರಿಗಿರಲಿಲ್ಲ.

ಆ ಪಟ್ಟಿಯ ಕೊನೆಯ ಅರ್ಹತೆಯ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಹೆತ್ತವರು ತಮ್ಮ ಮಗುವಿಗೆ ತಾವೇ ಧರ್ಮಪಿತೃಗಳಾಗಬಾರದೆಂದು 813ರಲ್ಲಿ ಜರ್ಮನಿಯ ಮೈನ್ಸ್‌ನಲ್ಲಿ ಕೂಡಿದ ಧರ್ಮಗುರುಗಳ ಸಭೆ ನಿರ್ಬಂಧಿಸಿತು. ಅದಕ್ಕೂ ಹಿಂದೆ ಎಷ್ಟೋ ಕಡೆ ಹೆತ್ತವರೇ ಮಕ್ಕಳನ್ನು ಎತ್ತಿಕೊಂಡು ನಿಲ್ಲುತ್ತಿದ್ದರು. ಅಂದಿನ ಗುರುಗಳ ಮನಸ್ಸಿನಲ್ಲಿ ಏನಿತ್ತೋ, ನನಗಂತೂ ಅದು ಬಹಳ ಜಾಣತನದ ನಿರ್ಧಾರವೆಂದು ಕಾಣುತ್ತದೆ. ಒಂದು ಮಗುವಿಗೆ ತನ್ನನ್ನು ಹೆರದ, ಹೊಡೆಯದ, ಮನೆಪಾಠ ಮುಗಿಯಿತೇ ಎಂದು ಕೇಳದ, ಆದರೂ ತನ್ನ ಬಗ್ಗೆ ಹೊಣೆಯಿರುವ ಒಬ್ಬ ದೊಡ್ಡವನು ಬೇಕು. ಮುಂದೆ 1563ರಲ್ಲಿ ಟ್ರೆಂಟ್ ಮಹಾಸಭೆ ಅಂಥವರ ಸಂಖ್ಯೆಯನ್ನು ಒಬ್ಬರಿಗೆ, ಹೆಚ್ಚೆಂದರೆ ಒಬ್ಬ ಗಂಡಸು ಒಬ್ಬ ಹೆಂಗಸಿಗೆ ಇಳಿಸಿತು. ಕಾರಣ ಕೇಳಿದರೆ ನಿನಗೆ ನಗು ಬರುತ್ತದೆ. ಧರ್ಮಪಿತನಾದವನು ಮಗುವಿಗೂ ಮಗುವಿನ ಹೆತ್ತವರಿಗೂ ನೆಂಟನೇ ಆಗಿಬಿಡುತ್ತಿದ್ದ, ಅವರೊಳಗೆ ಮದುವೆ ಕೂಡುತ್ತಿರಲಿಲ್ಲ. ಒಂದೊಂದು ಮಗುವಿಗೂ ಹತ್ತಾರು ಮಂದಿ ನಿಂತರೆ ಊರಿಗೆ ಊರೇ ನೆಂಟರಾಗಿ ಹೆಣ್ಣು ಗಂಡು ಸಿಗದಂತಾಗುತ್ತಿತ್ತು! ಲ್ಯಾಟಿನ್ ವಿಧಿಯ, ಎಂದರೆ ರೋಮನ್ ಪೂಜಾಪದ್ಧತಿಯ, ನಮಗೆ ಆ ನಿಷೇಧ 1983ರಲ್ಲಿ ಹೋಯಿತು. ಹಳೆಯ ಲೆಕ್ಕದಲ್ಲಿ ನೋಡಿದರೆ, 2013ರ ಡಿಸೆಂಬರಿನಲ್ಲಿ ಸಂತ ಫಿಲೋಮಿನಾ ಚರ್ಚಿನಲ್ಲಿ ಪಾಸ್ಖ (ಈಸ್ಟರ್) ಮೋಂಬತ್ತಿಯಿಂದ ಹೊತ್ತಿಸಿದ ಪುಟ್ಟ ಮೋಂಬತ್ತಿಯನ್ನು ನಾನು ಹಿಡಿದು ನಿಂತಾಗಲೇ ನೀನೂ ನಾನೂ ನೆಂಟರಾದೆವು. ನಿನ್ನ ಬೇಸರವನ್ನು ಎದುರಿಸುವ ಧೈರ್ಯ ನನಗಿರುವುದು ಆ ನೆಂಟಸ್ತಿಕೆಯ ಬಲದಿಂದಲೇ.

ಅಂದು ಗುರುಗಳು ನಮ್ಮನ್ನು ಕೇಳಿದ ಪ್ರಶ್ನೆ ನಿನಗೆ ನೆನಪಿರಬಹುದು: ಈ ಮಗುವಿನ ಹೆತ್ತವರಿಗೆ ಅವರ ಕರ್ತವ್ಯದಲ್ಲಿ ನೆರವಾಗಲು ಸಿದ್ಧರಿದ್ದೀರಾ? ಸಿದ್ಧರಿದ್ದೇವೆ ಎಂದೆವು. ಆದರೆ ಮರುತಿಂಗಳೇ ನೀವು ಹೊರಟಿರಿ, ಮತ್ತು ಆ ನೆರವು ಹೇಗಿರಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕಡೆ ವಿದೇಶದಲ್ಲಿರುವ ಮಕ್ಕಳ ಧರ್ಮಪಿತರೆಂದರೆ ಹುಟ್ಟುಹಬ್ಬಕ್ಕೆ, ಕ್ರಿಸ್ಮಸ್ಸಿಗೆ ಪಾರ್ಸೆಲ್ ಕಳಿಸುವವರು ಎಂದಾಗಿಬಿಟ್ಟಿದೆ. ಪಾರ್ಸೆಲ್ ಕಳಿಸುವುದನ್ನು ನಾನು ಹಳಿಯುವುದಿಲ್ಲ, ನಾನೂ ಕಳಿಸಿದ್ದೇನೆ. ಆದರೆ ಪೆಟ್ಟಿಗೆ ಬಿಚ್ಚಿದ ಮೇಲೆ ಮಗು ಒಲ್ಲದ ಮನಸ್ಸಿನಿಂದ ಪರದೆಯ ಮುಂದೆ ಬಂದು ಥ್ಯಾಂಕ್ಸ್ ಹೇಳಿ ಓಡಿಹೋಗುವ ಆ ಅರ್ಧ ನಿಮಿಷ ಇಬ್ಬರಿಗೂ ಶಿಕ್ಷೆ.

ಅದರ ಬದಲು ಕೆಲಸಕ್ಕೆ ಬಂದದ್ದು, ಅವನಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ ಸಂಗತಿಗಳು. ಐದನೆಯ ವಯಸ್ಸಿನಲ್ಲಿ ಅವನು ಹಸಿರು ಅಂಗಿ ತೊಟ್ಟು ಪರದೆಯ ಮುಂದೆ ಕುಣಿದದ್ದು ಏಕೆಂದು ನನಗೆ ತಿಳಿಯಲಿಲ್ಲ. ಅದು 2018, 45 ವರ್ಷಗಳ ನಂತರ ಲಿಮರಿಕ್ ತಂಡ ಅಖಿಲ ಐರ್ಲೆಂಡ್ ಹರ್ಲಿಂಗ್ ಗೆದ್ದ ವರ್ಷ. ಆ ಮೇಲೆ 2020ರಿಂದ 2023ರವರೆಗೆ ಸಾಲಾಗಿ ನಾಲ್ಕು ಸಲ ಗೆದ್ದಿತಲ್ಲ, ಆ ವರ್ಷಗಳಲ್ಲಿ ನನಗೆ ಆಟ ಕಲಿಸುವ ಕೆಲಸವನ್ನು ಅವನು ಗಂಭೀರವಾಗಿ ಹಚ್ಚಿಕೊಂಡ. ತಂಡಕ್ಕೆ ಹದಿನೈದು ಮಂದಿ. ಆಷ್ ಮರದ ಕೋಲು. ಸ್ಲಿಟರ್ ಎಂಬ ಚೆಂಡು. ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಮೂರು. ಕ್ರಿಕೆಟ್ಟಿನಂತೆಯೇ ಎಂದು ನಾನು ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಅವನು ತೋರಿದ ತಾತ್ಸಾರವನ್ನು ನೀನು ನೋಡಬೇಕಿತ್ತು. ನೀನು ಅಲ್ಲೇ ಇದ್ದುದರಿಂದ ಇದನ್ನೆಲ್ಲ ನಿನಗೆ ವಿವರಿಸುವ ಅಗತ್ಯ ಅವನಿಗೆ ಬೀಳಲಿಲ್ಲ. ನನಗೆ ವಿವರಿಸಲು ಕನ್ನಡವೇ ಬೇಕಿತ್ತು, ಏಕೆಂದರೆ ಅವನು ಇಂಗ್ಲಿಷಿಗೆ ಜಾರಿದಾಗಲೆಲ್ಲ ನಾನು ಕೇಳಿಸದವನಂತೆ ಕುಳಿತಿರುತ್ತಿದ್ದೆ. ಅವನ ಕನ್ನಡದಲ್ಲಿ ಇಂದಿಗೂ ಬಹುವಚನದ ಮರ್ಯಾದೆಯಿಲ್ಲ, ಧರ್ಮಗುರುಗಳನ್ನೂ ನಾಯಿಯನ್ನೂ ಒಂದೇ ಪ್ರತ್ಯಯದಲ್ಲಿ ಕರೆಯುತ್ತಾನೆ. ಆದರೆ ಒಂದು ಪಂದ್ಯದ ಕೊನೆಯ ಹತ್ತು ನಿಮಿಷವನ್ನು ಉಸಿರು ಬಿಗಿಹಿಡಿಯುವಂತೆ ಹೇಳಬಲ್ಲ.

2024ರ ಜುಲೈನಲ್ಲಿ ಸೆಮಿಫೈನಲ್‌ನಲ್ಲಿ ಕಾರ್ಕ್ ಎದುರು ಲಿಮರಿಕ್ ಸೋತ ದಿನ, ಇಲ್ಲಿ ರಾತ್ರಿ ಬಹಳ ಹೊತ್ತಾಗಿದ್ದಾಗ ಅವನಾಗಿಯೇ ಕರೆ ಮಾಡಿದ್ದ. ನಿನಗೆ ಆಗ ತಿಳಿದಿರಲಿಲ್ಲ, ಈಗ ಹೇಳಬಹುದೆಂದು ಅವನ ಅನುಮತಿ ಪಡೆದಿದ್ದೇನೆ. ಆಟದ ಬಗ್ಗೆ ಹೆಚ್ಚೇನೂ ಮಾತಾಡಲಿಲ್ಲ. ಲಿಮರಿಕ್ ಗೆಲ್ಲುವುದು ಸೂರ್ಯ ಹುಟ್ಟುವಷ್ಟೇ ಸಹಜವೆಂದು ನಂಬಿ ಬೆಳೆದ ಹುಡುಗ ಅಂದು ಮೊದಲ ಬಾರಿಗೆ, ಪ್ರಾರ್ಥನೆಯಿಂದ ಏನಾದರೂ ಆಗುತ್ತದೆಯೇ ಎಂದು ನನ್ನನ್ನು ಕೇಳಿದ. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಅನುಮತಿಯಿಲ್ಲ. ಮೈನ್ಸ್‌ನ ಗುರುಗಳು ಹೆತ್ತವರನ್ನು ಹೊರಗಿಟ್ಟದ್ದು ಇಂಥ ಪ್ರಶ್ನೆಗಳಿಗೇ ಇರಬೇಕೆಂದು ಮಾತ್ರ ಹೇಳುತ್ತೇನೆ. ನಿನ್ನನ್ನು ಕೇಳಿದ್ದರೆ ನಿನಗೆ ಗಾಬರಿಯಾಗುತ್ತಿತ್ತು, ಅದು ಅವನಿಗೂ ಗೊತ್ತಿತ್ತು.

ದೂರದಿಂದ ನೋಡುವವನಿಗೆ ಮಗು ಬೆಳೆಯುವುದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಎರಡು ವರ್ಷದವನಿದ್ದಾಗ ಕರೆ ಮಾಡಿದರೆ ನಿಮ್ಮ ಮನೆಯ ಛಾವಣಿಯೇ ಹೆಚ್ಚು ಕಾಣುತ್ತಿತ್ತು, ನಡುನಡುವೆ ಒಂದು ಹಣೆ. ಎರಡನೆಯ ತರಗತಿಯಲ್ಲಿ ಪ್ರಥಮ ಪರಮಪ್ರಸಾದ (ಫಸ್ಟ್ ಕಮ್ಯೂನಿಯನ್) ಪಡೆದಾಗ ಮುಂದಿನ ಹಲ್ಲುಗಳಿಲ್ಲದ ಬಾಯಿ; ನೆರೆಹೊರೆಯವರು ಕೈಗಿತ್ತ ನೋಟುಗಳ ಲೆಕ್ಕವನ್ನು ಸಂಸ್ಕಾರದ ವಿವರಕ್ಕಿಂತ ಮೊದಲು ಒಪ್ಪಿಸಿದ. ಈಗ ಆರನೆಯ ತರಗತಿಯಲ್ಲಿ ಕ್ಯಾಮೆರಾ ಆರಿಸಿಯೇ ಮಾತಾಡುತ್ತಾನೆ. ದನಿ ಒಡೆಯುತ್ತಿದೆ. ನಿಮ್ಮಲ್ಲಿ ಅಕ್ಟೋಬರ್ ಕೊನೆಗೆ ಗಡಿಯಾರ ಹಿಂದೆ ಹೋದಾಗ ನಮ್ಮ ಅಂತರ ನಾಲ್ಕೂವರೆ ಗಂಟೆಯಿಂದ ಐದೂವರೆಗೆ ಏರುತ್ತದೆ. ನನ್ನ ರಾತ್ರಿ ಒಂಬತ್ತು ಅವನ ಮಧ್ಯಾಹ್ನದ ಮೂರೂವರೆ, ಶಾಲೆಯಿಂದ ಬಂದು ಏನಾದರೂ ತಿನ್ನುವ ಹೊತ್ತು. ನನಗೆ ಚಳಿಗಾಲದ ಕರೆಗಳೇ ಇಷ್ಟ. ಬಾಯಲ್ಲಿ ತಿಂಡಿಯಿರುವ ಹುಡುಗ ಹೆಚ್ಚು ಮಾತಾಡುತ್ತಾನೆ, ಏಕೆಂದು ತಿಳಿಯದು.

ಇಷ್ಟೆಲ್ಲ ಇದ್ದ ಮೇಲೆ ನಾನೇಕೆ ಹಿಂದೆ ಸರಿಯುತ್ತಿದ್ದೇನೆ ಎಂದು ಕೇಳುತ್ತೀಯ. ಕಾರಣ ಅವನ ವಯಸ್ಸು. ಹನ್ನೆರಡರಿಂದ ಹದಿನೆಂಟರ ನಡುವೆ ಅವನಿಗೆ ಎದುರಾಗುವ ಸಂಗತಿಗಳು ಪರದೆಯ ಮೇಲೆ ಮಾತಾಡಿ ಮುಗಿಯುವಂಥವಲ್ಲ. ದೃಢೀಕರಣದ ದಿನ ಅಲ್ಲಿನ ಮಕ್ಕಳು ಹದಿನೆಂಟು ತುಂಬುವವರೆಗೆ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡುವ ಸಂಪ್ರದಾಯವಿದೆಯೆಂದು ನೀನೇ ಬರೆದಿದ್ದೆ. ಆ ಪ್ರತಿಜ್ಞೆಯ ಪರೀಕ್ಷೆ ನಡೆಯುವುದು ಹದಿನೈದರಲ್ಲಿ, ಒಂದು ಶನಿವಾರ ರಾತ್ರಿ, ಯಾರದೋ ಮನೆಯ ಹಿತ್ತಲಲ್ಲಿ. ಅಂದು ಅವನಿಗೆ ಬೇಕಾದದ್ದು ಅಪ್ಪನಿಗೆ ಫೋನ್ ಮಾಡದೆ ಕರೆಯಬಹುದಾದ, ಹತ್ತು ನಿಮಿಷದಲ್ಲಿ ಕಾರು ತರಬಲ್ಲ ಒಬ್ಬ ಮನುಷ್ಯ. ಮೈಸೂರಿನಲ್ಲಿ ಅದು ನಡುರಾತ್ರಿ ಕಳೆದ ಹೊತ್ತು, ನಾನು ಎದ್ದು ಫೋನ್ ಎತ್ತಿಕೊಂಡರೂ ಕಾರು ತರಲಾರೆ. ದೃಢೀಕರಣದಲ್ಲಿ ಧರ್ಮಾಧ್ಯಕ್ಷರು (ಬಿಷಪ್) ಹಣೆಗೆ ತೈಲ ಹಚ್ಚುವಾಗ ಜೊತೆಗೆ ನಿಂತವರು ಬಲಗೈಯನ್ನು ಮಗುವಿನ ಭುಜದ ಮೇಲಿಡುತ್ತಾರೆ. ಆ ಕೈ ಮಾರನೆಯ ದಿನವೂ ಎಟುಕುವ ಕೈಯಾಗಿರಲಿ. ನಾನು ಟಿಕೆಟ್ ಕೊಂಡು ಬಂದು ಕೈಯಿಟ್ಟು, ಫೋಟೊ ತೆಗೆಸಿಕೊಂಡು, ವಾರದೊಳಗೆ ಹಿಂದಿರುಗಿದರೆ ಆ ಜಾಗವನ್ನು ಇನ್ನೊಬ್ಬರಿಗೆ ಸಿಗದಂತೆ ತುಂಬಿದಂತಾಗುತ್ತದೆಯೇ ಹೊರತು ಮತ್ತೇನಿಲ್ಲ. ನನ್ನ ಹೆಸರಿಟ್ಟು ಬೇರೊಬ್ಬರನ್ನು ನಿಲ್ಲಿಸುವುದಂತೂ ಅವರಿಗೆ ಮಾಡುವ ಅವಮಾನ. ಮಳೆಯಲ್ಲಿ ಮೈದಾನದ ಬದಿಗೆ ನಿಂತು ಕಾಯುವವರು ಅವರು, ಕಾಗದದಲ್ಲಿ ನಾನೇ?

ಕೋಟ್ಟಯಂನವರು ಕೇರಳದ ಸೀರೊ ಮಲಬಾರ್ ಸಭೆಯವರು, ನಾವು ಲ್ಯಾಟಿನ್ ವಿಧಿಯವರು ಎಂದು ನಿನ್ನ ತಾಯಿ ಆಕ್ಷೇಪಿಸಿದರಂತೆ. ಎರಡೂ ಕಥೋಲಿಕ ಸಭೆಗಳೇ, ಅಡ್ಡಿಯೇನೂ ಇಲ್ಲವೆಂದು ಅಮ್ಮನಿಗೆ ಹೇಳು. ಅವರ ನಿಜವಾದ ಆಕ್ಷೇಪ ಮೀನು ಸಾರಿಗೆ ಹುಣಸೆಹಣ್ಣಿನ ಬದಲು ಕೊಡಂಪುಳಿ ಹಾಕುವುದರ ಬಗ್ಗೆ ಇರಬೇಕೆಂದು ನನ್ನ ಗುಮಾನಿ.

ಹುಡುಗನ ಜೊತೆ ಇದನ್ನು ಆಗಲೇ ಮಾತಾಡಿದ್ದೇನೆ. ಅವನಿಗೆ ಬೇಸರವಾಗಲಿಲ್ಲ, ನಿರಾಳವಾಯಿತೆಂದೇ ನನಗನ್ನಿಸಿತು. ಕೋಟ್ಟಯಂನವರನ್ನು ಕೇಳಬೇಕೆಂಬ ಆಸೆ ಅವನಿಗೂ ಇತ್ತು, ನನಗೆ ನೋವಾಗುವುದೆಂದು ಬಾಯಿಬಿಟ್ಟಿರಲಿಲ್ಲ. ಅವನ ಚಿಂತೆಯೆಲ್ಲ ಈಗ ದೃಢೀಕರಣದಲ್ಲಿ ಇಟ್ಟುಕೊಳ್ಳುವ ಸಂತರ ಹೆಸರಿನದು. ತರಗತಿಯಲ್ಲಿ ಈಗಾಗಲೇ ಪ್ಯಾಟ್ರಿಕ್‌ಗಳು ತುಂಬಿಹೋಗಿದ್ದಾರಂತೆ. ಅಂತೋಣಿ ಎಂದಿಟ್ಟುಕೊಂಡರೆ ಹೇಗೆ ಎಂದು ಕೇಳಿದ, ಕಳೆದುಹೋದ ವಸ್ತುಗಳನ್ನು ಹುಡುಕಿಕೊಡುವ ಸಂತನೆಂದು ಅವರ ಟೀಚರ್ ಹೇಳಿದ್ದರಂತೆ, ಇವನ ಹರ್ಲಿಂಗ್ ಕೋಲು ಮತ್ತೆ ಕಾಣೆಯಾಗಿದೆಯಂತೆ. ಆಗ ಅವನಿಗೆ ನಮ್ಮ ಮೈಸೂರು ಕಡೆಯ ದೋರನಹಳ್ಳಿಯ ಅಂತೋಣಿಯವರ ಕಥೆ ಹೇಳಿದೆ. ಹೊಲ ಉಳುತ್ತಿದ್ದ ರೈತನ ನೇಗಿಲಿಗೆ ಮರದ ಪ್ರತಿಮೆಯೊಂದು ಸಿಕ್ಕಿದ್ದು, ಅದು ಯಾರದೆಂದು ತಿಳಿಯದೆ ಅವನು ಸುಮ್ಮನಿದ್ದಾಗ ಕನಸಿನಲ್ಲಿ ಸನ್ಯಾಸಿಯೊಬ್ಬ ಬಂದದ್ದು, ಕೊನೆಗೆ ಅಲ್ಲಿ ಗುಡಿಯೆದ್ದದ್ದು, ಜೂನ್ 13ರ ಜಾತ್ರೆಗೆ ಕ್ರೈಸ್ತರಷ್ಟೇ ಅಲ್ಲದೆ ಸುತ್ತಲಿನ ಹಿಂದೂಗಳೂ ಹರಕೆ ಹೊತ್ತು ಬರುವುದು, 2019ರಲ್ಲಿ ಅದು ಬೆಸಿಲಿಕಾ, ಎಂದರೆ ಪೋಪರ ವಿಶೇಷ ಮಾನ್ಯತೆಯ ಚರ್ಚು, ಆದದ್ದು ಎಲ್ಲವನ್ನೂ ಕೇಳಿ, ಪ್ರತಿಮೆಯನ್ನು ಮಣ್ಣಿನಲ್ಲಿ ಕಳೆದವರು ಯಾರು ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕಿಕೊಡುವ ಸಂತನೇ ಕಳೆದುಹೋಗಿದ್ದ ಊರು ನಮ್ಮದು ಎಂದು ತರಗತಿಯಲ್ಲಿ ಹೇಳುತ್ತೇನೆ ಎಂದ. ಆ ಹೆಸರನ್ನೇ ಗಟ್ಟಿ ಮಾಡಿಕೊಂಡಿರಬಹುದು, ಕೇಳಿ ನೋಡು, ಬಲವಂತ ಬೇಡ.

ಇನ್ನು ಕಾಗದಪತ್ರದ ವಿಷಯ. ಅಲ್ಲಿನ ಚರ್ಚಿನವರು ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳುತ್ತಾರೆ. ಈ ವಾರವೇ ನಮ್ಮ ಧರ್ಮಕೇಂದ್ರದ ಕಚೇರಿಗೆ ಹೋಗಿ ಬರೆಸಿ, ಮೊದಲು ಫೋಟೊ, ಆಮೇಲೆ ಅಂಚೆಯಲ್ಲಿ ಮೂಲಪ್ರತಿ ಕಳಿಸುತ್ತೇನೆ. ನಿನಗೆ ಗೊತ್ತಿರಲಾರದು, ದೃಢೀಕರಣ ಎಲ್ಲೇ ನಡೆದರೂ ದೀಕ್ಷಾಸ್ನಾನ ನಡೆದ ಚರ್ಚಿಗೆ ತಿಳಿಸಬೇಕೆಂಬ ನಿಯಮವಿದೆ. ಇಲ್ಲಿನ ದಾಖಲೆ ಪುಸ್ತಕದಲ್ಲಿ ಅವನ ಹೆಸರಿನ ಪಕ್ಕದಲ್ಲೇ ಅದನ್ನು ಬರೆದುಕೊಳ್ಳುತ್ತಾರೆ, ಮುಂದೆ ಮದುವೆಯಾದರೆ ಅದನ್ನೂ ಅಲ್ಲಿಯೇ. ಅದೇ ಸಾಲಿನಲ್ಲಿ ನನ್ನ ಹೆಸರೂ ಇದೆ, ಅದನ್ನು ಯಾರೂ ಅಳಿಸುವುದಿಲ್ಲ, ಹಾಗಾಗಿ ಲಿಮರಿಕ್‌ನ ಅರ್ಜಿಯಲ್ಲಿ ಬೇರೆ ಹೆಸರು ಬಂದರೆ ನನಗೆ ನಷ್ಟವೇನಿಲ್ಲ. ಇಂಥ ಸೂಚನೆಗಳು ಎಷ್ಟೋ ಸಲ ದಾರಿಯಲ್ಲೇ ಉಳಿದುಬಿಡುತ್ತವೆ, ಆದ್ದರಿಂದ ಅಲ್ಲಿಂದ ಕಳಿಸಿದ ದಿನಾಂಕವನ್ನು ನನಗೆ ತಿಳಿಸು. ತಿಂಗಳು ಬಿಟ್ಟು ನಾನೇ ಕಚೇರಿಗೆ ಹೋಗಿ ಬರೆದುಕೊಂಡಿದ್ದಾರೆಯೇ ಎಂದು ನೋಡಿಬರುತ್ತೇನೆ. ಕೋಟ್ಟಯಂನವರನ್ನು ಮಾತ್ರ ನೀನು ಫೋನಿನಲ್ಲಿ ಕೇಳಬೇಡ. ಮಗನನ್ನೂ ಕರೆದುಕೊಂಡು ಮನೆಗೆ ಹೋಗು, ಅವನೇ ಕೇಳಲಿ.

ನಿನ್ನ ಗೆಳೆಯ,
ಮೈಸೂರಿನಿಂದ