ಹತ್ತನೇ ತರಗತಿಯ ಪೋಷಕರಿಗೆ ಪತ್ರ: ಪರೀಕ್ಷೆಗೆ ಮುಂಚಿನ ಐದು ವಾರ, ಮನೆಯ ದಿನಚರಿ

ಮಾನ್ಯ ಪೋಷಕರೇ,

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಕಳೆದ ವಾರ ಮಕ್ಕಳ ಕೈಯಲ್ಲಿ ಕಳುಹಿಸಿದ್ದೆವು. ಎಲ್ಲವೂ ಸಹಿಯಾಗಿ ಹಿಂದಕ್ಕೆ ಬಂದಿವೆ. ಕೆಲವು ಸಹಿಗಳು ಮಕ್ಕಳವೇ ಎಂದು ನಮಗೆ ತಿಳಿದಿದೆ, ಆದರೆ ಆ ವಿಚಾರ ಈ ಪತ್ರಕ್ಕೆ ಬೇಡ. ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ಕ್ಕೆ ಇನ್ನು ಐದು ವಾರಗಳು ಉಳಿದಿವೆ. ಪಾಠಗಳೆಲ್ಲ ಮುಗಿದು ಪುನರಾವರ್ತನೆ ನಡೆಯುತ್ತಿದೆ. ವಿಶೇಷ ತರಗತಿಗಳನ್ನು ಸೇರಿಸಿದರೂ ಮಗು ಶಾಲೆಯಲ್ಲಿರುವುದು ದಿನಕ್ಕೆ ಎಂಟು ಗಂಟೆ ಮಾತ್ರ. ಉಳಿದ ಹದಿನಾರು ಗಂಟೆ ನಿಮ್ಮ ಸುಪರ್ದಿನಲ್ಲಿರುತ್ತದೆ. ಆ ಹೊತ್ತು ಮನೆಯಲ್ಲಿ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಲೆಂದೇ ನಾವು ಶಿಕ್ಷಕರು ಊರುಗಳನ್ನು ಹಂಚಿಕೊಂಡು, ಮೂರು ವಾರಗಳಿಂದ ಸಂಜೆ ಹೊತ್ತು ಮನೆಮನೆಗೆ ಬಂದಿದ್ದೆವು. ಕಂಡದ್ದನ್ನು ಬರೆಯುತ್ತಿದ್ದೇನೆ. ಯಾವ ಮನೆ ಎಂದು ಹೇಳುವುದಿಲ್ಲ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬೆಳಗಿನ ಜಾವ 4.30ಕ್ಕೆ ಪ್ರತಿ ಮನೆಗೂ ಫೋನು ಮಾಡಿ ಮಕ್ಕಳನ್ನು ಎಬ್ಬಿಸುವ ಪದ್ಧತಿಯನ್ನು ಹೋದ ವರ್ಷ ಆರಂಭಿಸಿದವನು ನಾನು. ಬೇರೆ ಶಾಲೆಗಳಲ್ಲಿ ನಡೆಯುತ್ತಿದೆ ಎಂದು ಕೇಳಿ, ನಮ್ಮಲ್ಲೂ ಆಗಲಿ ಎಂದುಕೊಂಡಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಮೂರನೇ ಪೀರಿಯಡ್ಡಿನ ಗಣಿತದ ಹೊತ್ತಿಗೆ ಅರ್ಧ ತರಗತಿ ತೂಕಡಿಸತೊಡಗಿತು. ಒಬ್ಬ ತಾಯಿ ಶಾಲೆಗೆ ಬಂದಾಗ, "ನಿಮ್ಮ ಫೋನು ಬಂದಾಗ ಎದ್ದು ಲೈಟು ಹಾಕ್ತಾನೆ ಸಾ, ಆಮೇಲೆ ಗೋಡೆಗೆ ಒರಗಿಕೊಂಡು ಹಂಗೇ ಮಲಗ್ತಾನೆ. ನನಗೂ ನಿದ್ದೆ ಇಲ್ಲ, ಅವನಿಗೂ ಓದಿಲ್ಲ" ಎಂದರು. ಈ ವರ್ಷ ಆ ಫೋನುಗಳು ಬರುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ಕನಿಷ್ಠ ಎಂಟು ಗಂಟೆಯ ನಿದ್ದೆ ಬೇಕು. ಹಗಲು ಓದಿದ್ದು ತಲೆಯಲ್ಲಿ ನೆಲೆಯೂರುವುದೂ ಆ ನಿದ್ದೆಯಲ್ಲೇ. ರಾತ್ರಿ 9.30ಕ್ಕೆ ಮಲಗಿದ ಮಗು 5.30ಕ್ಕೆ ತಾನಾಗಿ ಏಳಲಿ. ಹನ್ನೊಂದರವರೆಗೆ ಎಚ್ಚರವಿದ್ದ ಮಗುವನ್ನು ಐದಕ್ಕೆ ಎಬ್ಬಿಸಿ ಕೂರಿಸಿದರೆ ಪುಸ್ತಕ ತೆರೆದಿರುತ್ತದೆ, ಅಷ್ಟೇ.

ಈಗ ಹುಣಸೆಹಣ್ಣಿನ ಕಾಲ. ಸಂಜೆ ನಾವು ಹೋದ ಮನೆಗಳಲ್ಲಿ ಹೆಚ್ಚಿನವುಗಳ ಜಗುಲಿಯಲ್ಲಿ ಹಣ್ಣಿನ ರಾಶಿ ಇತ್ತು, ಸುತ್ತ ಮನೆಯವರೆಲ್ಲ ಕುಳಿತು ಸಿಪ್ಪೆ, ನಾರು, ಬೀಜ ಬಿಡಿಸುತ್ತಿದ್ದರು. ಒಂದು ಮನೆಯಲ್ಲಿ ನಮ್ಮ ವಿದ್ಯಾರ್ಥಿನಿ ಕುಕ್ಕೆಗೆ ಗಣಿತದ ನೋಟ್‌ಬುಕ್ಕನ್ನು ಒರಗಿಸಿಕೊಂಡು ಬೀಜ ಬಿಡಿಸುತ್ತ, ನಡುನಡುವೆ ಪೆನ್ನು ಹಿಡಿದು ಸಮಾಂತರ ಶ್ರೇಢಿಯ ಲೆಕ್ಕ ಮಾಡುತ್ತಿದ್ದಳು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಬರೆದ ಸಾಲೇ ಕಿತ್ತು ಬರುತ್ತಿತ್ತು. "ಓದ್ತಾನೇ ಇದಾಳೆ ಸಾ, ಕೈ ಒಂದು ಕೆಲಸ ಮಾಡ್ತಿದೆ" ಎಂದರು ತಾಯಿ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಕೆಜಿ ಲೆಕ್ಕದ ಕೂಲಿ ಈ ಎರಡು ತಿಂಗಳು ಎಷ್ಟೋ ಮನೆಗಳ ಸಂತೆಯ ಖರ್ಚಿಗೆ ಆಧಾರ ಎಂಬುದು ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನಗೆ ಹೊಸದಲ್ಲ. ಆದುದರಿಂದ ಮಗುವನ್ನು ಕೆಲಸದಿಂದ ಪೂರ್ತಿ ಬಿಡಿಸಿ ಎಂದು ನಾನು ಬರೆಯುವುದಿಲ್ಲ. ಸಂಜೆ 6.30ರಿಂದ 8.30ರವರೆಗಿನ ಎರಡು ಗಂಟೆ ಮಾತ್ರ ಕೈತೊಳೆದು ಒಳಗೆ ಕುಳಿತುಕೊಳ್ಳಲು ಬಿಡಿ. ಲೆಕ್ಕ, ವಿಜ್ಞಾನದ ಚಿತ್ರ, ಸಮಾಜ ವಿಜ್ಞಾನದ ನಕ್ಷೆ ಇವೆಲ್ಲ ಬರೆದೇ ಕಲಿಯಬೇಕಾದವು, ಅಂಟು ಕೈಯಲ್ಲಿ ಆಗುವಂಥವಲ್ಲ.

ಅದೇ ಮನೆಯಲ್ಲಿ ಇನ್ನೊಂದನ್ನೂ ಕಂಡೆ. ಲೆಕ್ಕ ಬದಿಗಿಟ್ಟ ಮೇಲೆ ಆ ಹುಡುಗಿ ಹಣ್ಣು ಬಿಡಿಸುತ್ತಲೇ ಹೃದಯದಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬುದನ್ನು ತಾಯಿಗೆ ಒಪ್ಪಿಸತೊಡಗಿದಳು. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ ಎಂದು ಹೇಳಿ ನಿಂತಳು. ತಾಯಿಗೆ ಓದು ಬರುವುದಿಲ್ಲ. ಆದರೂ, "ಆಮೇಲೆ? ನಿನ್ನೆ ಶ್ವಾಸಕೋಶ ಅಂದಿದ್ದೆಯಲ್ಲ" ಎಂದು ಎತ್ತಿಕೊಟ್ಟರು. ಪುಸ್ತಕ ಮುಚ್ಚಿಸಿ, ಇವತ್ತು ಓದಿದ್ದನ್ನು ಹೇಳು ಎನ್ನುವುದಕ್ಕೆ ಯಾವ ತಂದೆ-ತಾಯಿಗೂ ವಿದ್ಯೆ ಬೇಕಿಲ್ಲ. ಮಗು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ಮತ್ತೆ ಓದಬೇಕು ಎಂದು ಅದಕ್ಕೇ ತಿಳಿಯುತ್ತದೆ. ಹತ್ತು ಸಲ ಗಟ್ಟಿಯಾಗಿ ಓದುವುದಕ್ಕಿಂತ ಹೀಗೆ ಎರಡು ಸಲ ನೋಡದೆ ಹೇಳುವುದು ಹೆಚ್ಚು ಉಪಯೋಗ ಎಂಬುದು ನಾನು ಇಷ್ಟು ವರ್ಷ ಕಂಡ ಮಾತು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಸ್ವಲ್ಪ ಹೇಳುವುದಿದೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು, ಡೈರಿಗೆ ಹಾಲು ಹಾಕಿ ಬರುವುದು, ಪಾತ್ರೆ, ತಮ್ಮನ ತಲೆಸ್ನಾನ, ಇಷ್ಟೂ ಮುಗಿದು ಅವಳು ಪುಸ್ತಕ ಹಿಡಿಯುವ ಹೊತ್ತಿಗೆ ಬಸ್ಸಿನ ಸಮಯವಾಗಿರುತ್ತದೆ. ಅದೇ ತರಗತಿಯ ಗಂಡುಮಗ ಇರುವ ಮನೆಯಲ್ಲಿ ಕಾಫಿ ಲೋಟ ಅವನಿದ್ದಲ್ಲಿಗೇ ಬರುತ್ತದೆ. ಇಬ್ಬರಿಗೂ ಬರುವ ಪ್ರಶ್ನೆಪತ್ರಿಕೆ ಒಂದೇ. ಐದು ವಾರ ಹಾಲಿನ ಕ್ಯಾನನ್ನು ಮನೆಯ ಬೇರೆ ಯಾರಾದರೂ ಹಿಡಿದರೆ ಅವಳಿಗೆ ಬೆಳಿಗ್ಗೆ ಮುಕ್ಕಾಲು ಗಂಟೆ ಸಿಗುತ್ತದೆ. ಗಂಡುಮಕ್ಕಳಿಗೂ ಒಂದು ತೊಂದರೆ ಇದೆ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ವಾರ ಟಾರ್ಚು ಹಿಡಿಯಲು ಅವರನ್ನು ತೋಟಕ್ಕೆ ಕರೆದೊಯ್ಯುತ್ತೀರಿ. ದಯವಿಟ್ಟು ಪರೀಕ್ಷೆ ಮುಗಿಯುವವರೆಗೆ ಬೇರೆ ಏರ್ಪಾಡು ಮಾಡಿಕೊಳ್ಳಿ.

ಇಷ್ಟು ಬರೆದ ಮಾತ್ರಕ್ಕೆ ಮನೆಯನ್ನೇ ಪರೀಕ್ಷಾ ಕೊಠಡಿ ಮಾಡಿ ಎಂದು ಭಾವಿಸಬಾರದು. ಒಂದು ಮನೆಯಲ್ಲಿ ನೆಂಟರನ್ನು ಬರಬೇಡಿ ಎಂದಿದ್ದರು, ಅಜ್ಜಿಯ ಧಾರಾವಾಹಿ ನಿಲ್ಲಿಸಿದ್ದರು, ಮಗನನ್ನು ಕೋಣೆಯೊಳಗೆ ಕೂರಿಸಿ ತಂದೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು. ಒಳಗೆ ಹೋದೆ. ಫ್ಯಾನಿನ ಗಾಳಿಗೆ ಪುಟ ಮಗುಚದಂತೆ ಹುಡುಗ ಪುಸ್ತಕದ ಮೇಲೆ ಜಾಮಿಟ್ರಿ ಬಾಕ್ಸ್ ಇಟ್ಟಿದ್ದ. ಆ ಒಂದೇ ಪುಟದ ಮುಂದೆ ಮಧ್ಯಾಹ್ನದಿಂದ ಕುಳಿತಿದ್ದ. ನನ್ನ ಮುಖ ನೋಡಿ, "ಸರ್, ಸ್ವಲ್ಪ ಹೊರಗೆ ಹೋಗಿ ಬರಲಾ?" ಎಂದು ಕೇಳಿದ. ಮುಕ್ಕಾಲು ಗಂಟೆ ಓದು, ಹತ್ತು ನಿಮಿಷ ಅಂಗಳದಲ್ಲಿ ಓಡಾಟ, ಸಂಜೆ ಅರ್ಧ ಗಂಟೆ ಆಟ, ಇದರಿಂದ ಯಾವ ನಷ್ಟವೂ ಇಲ್ಲ. ಊರ ಜಾತ್ರೆ ಈ ನಡುವೆಯೇ ಬರುತ್ತದೆ. ಮೂರು ದಿನವೂ ಬೇಡ, ಆದರೆ ತೇರಿನ ದಿನ ಒಂದು ಸಂಜೆ ಮನೆಯವರ ಜೊತೆ ಹೋಗಿ ಬರಲಿ. ರಾತ್ರಿಯ ಮುದ್ದೆ ಊಟವನ್ನು ಓದು ಮುಗಿದ ಮೇಲೆ ಬಡಿಸಿ. ಮೊದಲೇ ಉಂಡರೆ ಕಣ್ಣೆಳೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಮೊಬೈಲಿನ ವಿಚಾರದಲ್ಲಿ ಅರ್ಧ ದೂರು ನಮ್ಮ ಮೇಲೆಯೇ ಬರುತ್ತದೆ. ಮಾದರಿ ಪ್ರಶ್ನೆಪತ್ರಿಕೆಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೆವು, ಅದನ್ನು ನೋಡುತ್ತೇನೆ ಎಂದು ಫೋನು ಪಡೆದ ಮಗು ರೀಲ್ಸ್ ನೋಡುತ್ತ ಕೂರುತ್ತಿತ್ತು. ಸೋಮವಾರದಿಂದ ಎಲ್ಲವನ್ನೂ ಜೆರಾಕ್ಸ್ ಮಾಡಿ ಕೈಗೇ ಕೊಡುತ್ತೇವೆ. ಓದಿಗಾಗಿ ಫೋನು ಬೇಕು ಎಂದು ಯಾವ ಮಗು ಹೇಳಿದರೂ ನಂಬುವ ಅಗತ್ಯವಿಲ್ಲ.

ಅಂಕಗಳ ಬಗ್ಗೆ ಹಲವರು ಕೇಳಿದ್ದರಿಂದ ತಿಳಿಸುತ್ತಿದ್ದೇನೆ. ಒಟ್ಟು 625 ಅಂಕಗಳಲ್ಲಿ ಆಂತರಿಕ ಮೌಲ್ಯಮಾಪನದ್ದು 125. ಬರೆದು ಪಡೆಯಬೇಕಾದದ್ದು 500, ಅಂದರೆ ಪ್ರಥಮ ಭಾಷೆಗೆ 100, ಉಳಿದ ಐದು ವಿಷಯಗಳಿಗೆ ತಲಾ 80. 2023-24ನೇ ಸಾಲಿನಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಅವುಗಳಲ್ಲಿ ಪಡೆದ ಉತ್ತಮ ಅಂಕವನ್ನು ಉಳಿಸಿಕೊಳ್ಳಲು ಅವಕಾಶವಿದೆ. ಹಾಗೆಂದು ಎರಡನೆಯದರಲ್ಲಿ ನೋಡಿಕೊಂಡರಾಯಿತು ಎಂಬ ಮಾತನ್ನು ಮಗುವಿನ ಮುಂದೆ ಆಡಬೇಡಿ. ಇದರಲ್ಲಿ ಹೋದರೆ ಬದುಕೇ ಹೋಯಿತು ಎಂದೂ ಹೇಳಬೇಡಿ. ಚಿಕ್ಕಪ್ಪನ ಮಗಳ ಅಂಕವನ್ನು ಊಟದ ಹೊತ್ತಿನಲ್ಲಿ ಎತ್ತುವುದನ್ನಂತೂ ಪೂರ್ತಿಯಾಗಿ ನಿಲ್ಲಿಸಬೇಕೆಂದು ಕೋರುತ್ತೇನೆ. ಮನೆ ಭೇಟಿಯಲ್ಲಿ ಮಕ್ಕಳು ನಮ್ಮ ಬಳಿ ಗುಟ್ಟಾಗಿ ಹೇಳಿಕೊಂಡ ದೂರುಗಳಲ್ಲಿ ಅತಿ ಹೆಚ್ಚು ಬಂದದ್ದು ಇದೇ.

ಪ್ರವೇಶ ಪತ್ರ ಕೊಡುವ ಮುನ್ನ ಪೋಷಕರ ಸಭೆಯೊಂದನ್ನು ಬರುವ ಶನಿವಾರ ಬೆಳಿಗ್ಗೆ 11ಕ್ಕೆ ಶಾಲೆಯಲ್ಲಿ ಕರೆದಿದ್ದೇನೆ. ಡೈರಿ ಮುಗಿದು, ಮಧ್ಯಾಹ್ನದ ಬಸ್ಸಿಗೆ ನೀವು ಮರಳಲು ಅನುಕೂಲವಾಗಲೆಂದು ಆ ಸಮಯ ಇಟ್ಟಿದ್ದೇವೆ. ಮನೆಯಿಂದ ಒಬ್ಬರು ಬಂದರೆ ಸಾಕು, ಆದರೆ ಆ ಒಬ್ಬರು ಪ್ರತಿ ಸಲವೂ ತಾಯಿಯೇ ಆಗಬೇಕೆಂದಿಲ್ಲ. ಬರುವಾಗ ನಿಮ್ಮ ಮಗು ಮನೆಯಲ್ಲಿ ಎಷ್ಟು ಹೊತ್ತಿಗೆ ಮಲಗುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ ಎಂಬುದನ್ನು ಈ ವಾರ ಗಮನಿಸಿಕೊಂಡು ಬನ್ನಿ, ಮೊದಲು ಅದನ್ನೇ ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು
ಸರ್ಕಾರಿ ಪ್ರೌಢಶಾಲೆ