ಶೇಕರ್‌ನಲ್ಲಿ ಇಡಬೇಡ, ಅನು

ಪ್ರೀತಿಯ ಅನುಗೆ ದೊಡ್ಡಮ್ಮನ ಆಶೀರ್ವಾದಗಳು.

ಬ್ಯಾಕ್ಟೀರಿಯಾದ ಮೈಮೇಲಿನ ಕೂದಲನ್ನು, ಅಂದರೆ ಪಿಲಿಯನ್ನು, ಕಟ್ಟುವ ಪ್ರೋಟೀನ್‌ಗಳ ಹೆಸರನ್ನು ಫಿಮ್‌ಎ, ಫಿಮ್‌ಸಿ, ಫಿಮ್‌ಡಿ ಅಂತ ಮಗ್ಗಿ ಹಾಗೆ ಬಾಯಿಪಾಠ ಮಾಡುತ್ತಿದ್ದೀಯಂತೆ. ನಿನ್ನ ಅಮ್ಮ ಹೇಳಿದಳು. ಬೇಡ ಮಗಳೇ. ಉರು ಹೊಡೆದದ್ದು ಪರೀಕ್ಷೆಯ ಮಾರನೇ ದಿನ ಮರೆತುಹೋಗುತ್ತದೆ. ಯಾರು ಯಾರಿಗೆ ಏನು ಕೊಡುತ್ತಾರೆ, ಅದನ್ನು ನೋಡು.

ಇ. ಕೋಲಿ ಬ್ಯಾಕ್ಟೀರಿಯಾದ ಪಿಲಿಯನ್ನೇ ತಗೋ. ಫಿಮ್‌ಎ ತುಣುಕುಗಳು ಸಾಲಾಗಿ ಸೇರಿ ಆ ಕೂದಲು ಬೆಳೆಯುತ್ತದೆ. ಆದರೆ ಒಂದೊಂದು ತುಣುಕಿಗೂ ಒಂದು ಎಳೆ ಕಡಿಮೆ. ಹಾಗೇ ಬಿಟ್ಟರೆ ತುಣುಕು ಸರಿಯಾಗಿ ಮಡಚಿಕೊಳ್ಳದೆ ಹಾಳಾಗುತ್ತದೆ. ಅದಕ್ಕೇ ಎರಡು ಪೊರೆಗಳ ನಡುವೆ ಫಿಮ್‌ಸಿ ಇರುತ್ತದೆ. ತನ್ನದೇ ಒಂದು ಎಳೆಯನ್ನು ಆ ಸಂದಿಗೆ ತೂರಿಸಿ, ತುಣುಕನ್ನು ಹೊರಪೊರೆಯ ಬಾಗಿಲಿಗೆ ಒಯ್ಯುತ್ತದೆ. ಆ ಬಾಗಿಲೇ ಫಿಮ್‌ಡಿ. ಅಲ್ಲಿ ಹಿಂದಿನಿಂದ ಬಂದ ತುಣುಕು ತನ್ನ ಬಾಲವನ್ನು ಅದೇ ಸಂದಿಗೆ ತುರುಕುತ್ತದೆ. ಫಿಮ್‌ಸಿ ಕಳಚಿಕೊಂಡು ಇನ್ನೊಂದನ್ನು ತರಲು ಹೊರಡುತ್ತದೆ. ಕಟ್ಟಿ ಮುಗಿದ ಪಿಲಿಯಲ್ಲಿ ಎಷ್ಟು ಹುಡುಕಿದರೂ ಫಿಮ್‌ಸಿ ಸಿಗೋದಿಲ್ಲ! ಎಲ್ಲಕ್ಕಿಂತ ಮೊದಲು ಹೊರಬರುವುದು ತುದಿಯ ಫಿಮ್‌ಎಚ್. ಮೂತ್ರಕೋಶದ ಒಳಗೋಡೆಯ ಮ್ಯಾನೋಸ್ ಸಕ್ಕರೆಯನ್ನು ಕಚ್ಚಿ ಹಿಡಿಯುವುದು ಅದೇ. ಮೂತ್ರದ ರಭಸ ಜಗ್ಗಿದಾಗ ಹಿಡಿತ ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಎಂಥ ಹಟ ನೋಡು.

ನಡೆಯುವ ಪಿಲಿಯ ಕತೆ ಬೇರೆ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದಲ್ಲಿ ಪಿಲ್‌ಬಿ ಎಂಬ ಪ್ರೋಟೀನ್ ಪಿಲಿಯನ್ನು ಉದ್ದ ಮಾಡುತ್ತದೆ, ಪಿಲ್‌ಟಿ ಒಳಕ್ಕೆ ಎಳೆಯುತ್ತದೆ. ಆ ಎಳೆತಕ್ಕೇ ಬ್ಯಾಕ್ಟೀರಿಯಾ ಮುಂದಕ್ಕೆ ತೆವಳುವುದು. ಪಿಲ್‌ಟಿ ಇಲ್ಲದ ತಳಿಗೆ ಮೈತುಂಬ ಪಿಲಿ, ಆದರೂ ನಿಂತಲ್ಲೇ.

ಇನ್ನೊಂದು ಮಾತು. ಇದನ್ನೆಲ್ಲ ಒಮ್ಮೆ ಕೈಯಾರೆ ಮಾಡಿ ನೋಡು. ಬೇಕರಿ ಯೀಸ್ಟನ್ನು ನೀರಿನಲ್ಲಿ ಕಲಸು, ಅದರ ಮೈಮೇಲೂ ಮ್ಯಾನೋಸ್ ಇದೆ. ಸ್ಲೈಡ್ ಮೇಲೆ ಇ. ಕೋಲಿಯ ಹನಿ ಜೊತೆ ಬೆರೆಸಿ ಮೆಲ್ಲಗೆ ಅಲ್ಲಾಡಿಸು. ಪಿಲಿ ಇದ್ದರೆ ಹಾಲು ಒಡೆದ ಹಾಗೆ ಗಂಟು ಗಂಟಾಗುತ್ತದೆ. ಮೊದಲೇ ಮ್ಯಾನೋಸ್ ಹಾಕಿದ್ದರೆ ಗಂಟು ಕಟ್ಟುವುದಿಲ್ಲ, ಯಾಕೆ ಅಂತ ನೀನೇ ಹೇಳಬಲ್ಲೆ ಅಲ್ವಾ?

ಎಂ.ಎಸ್ಸಿ. ಓದುವಾಗ ನನಗೆ ಒಂದು ವಾರ ಗಂಟೇ ಕಾಣಲಿಲ್ಲ. ಯೀಸ್ಟ್ ಹಳೆಯದು ಅಂತ ಅಂಗಡಿಯವನನ್ನು ಬೈದುಕೊಂಡೆ, ಪಾಪ. ತಪ್ಪು ನನ್ನದೇ. ಬ್ಯಾಕ್ಟೀರಿಯಾ ಬೆಳೆಸಿದ ಕಲ್ಚರನ್ನು ಶೇಕರ್ ಯಂತ್ರದಲ್ಲಿಟ್ಟು ರಾತ್ರಿಯಿಡೀ ಕುಲುಕಿಸುತ್ತಿದ್ದೆ. ಇ. ಕೋಲಿಯ ಈ ಪಿಲಿ ಚೆನ್ನಾಗಿ ಬರುವುದು ಅಲುಗಾಡಿಸದ ಬ್ರಾತ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವದಲ್ಲಿ. 37 ಡಿಗ್ರಿಯಲ್ಲಿ ಎರಡು ದಿನ ಸುಮ್ನೆ ಬಿಟ್ಟುಬಿಡು.

ಟೀಚರ್ ಕೊಟ್ಟ ಲ್ಯಾಬ್ ತಳಿಯನ್ನೇ ಬಳಸು, ರೋಗಿಗಳಿಂದ ಬಂದದ್ದನ್ನು ಮುಟ್ಟಬೇಡ. ಉಳಿದ ಯೀಸ್ಟನ್ನು ಮನೆಗೆ ತಂದು ಬನ್ ಮಾಡಬೇಡ, ನಿನ್ನನ್ನು ನಾನು ಬಲ್ಲೆ. ಗಂಟು ಕಂಡ ದಿನ ಫೋನ್ ಮಾಡು.

ನಿನ್ನ
ದೊಡ್ಡಮ್ಮ